ಮೂರನೆಯ ಕ್ಯಾಮೆರಾ

"ಎರಡನೇ ಕ್ಯಾಮೆರಾ ಯಾವ ಊರಲ್ಲಿ ಕೂರಿಸಬೇಕು ಸಾರ್?" ಎಂದು ಟೆಲಿಫೋನ್ ಮೆಕ್ಯಾನಿಕ್ ಕೇಳಿದ.

"ಈ ಗೋಡೆ ಆಚೆ," ಎಂದರು ಹಾಸಿಗೆ ಕಾರ್ಖಾನೆಯ ದೊಡ್ಡ ಯಜಮಾನರು. "ನನ್ನ ತಮ್ಮನ ರೂಮಲ್ಲಿ."

ಲೋಕಕ್ಕೆಲ್ಲ ಸುಖನಿದ್ರೆ ಮಾರುವ ಈ ಅಣ್ಣತಮ್ಮಂದಿರು ಪರಸ್ಪರ ಮಾತು ಬಿಟ್ಟು ವರ್ಷಗಳೇ ಆಗಿದ್ದವು. ವ್ಯವಹಾರವೆಲ್ಲ ನಡೆಯುತ್ತಿದ್ದುದು ಟೆಲಿಫೋನ್ ಬೋರ್ಡಿನ ಮುಂದೆ ಕೂರುವ, ಎಲ್ಲರೂ ಅಕ್ಕ ಎಂದೇ ಕರೆಯುವ ಆಪರೇಟರ್ ಬಾಯಿಂದ. ಅಣ್ಣ ಉಗುಳಿದ ಕೆಂಡ ಅವಳ ತಂತಿಯಲ್ಲಿ ಹರಿದು ತಮ್ಮನ ಕಿವಿಗೆ ತಣ್ಣಗೆ ತಲುಪುತ್ತಿತ್ತು; ತಮ್ಮನ ಕುಹಕ ವಿನಯದ ವೇಷ ತೊಟ್ಟು ಅಣ್ಣನ ಬಳಿ ಬರುತ್ತಿತ್ತು. ಆದರೆ ಈಗ ಕಂಪನಿ ಆಧುನಿಕವಾಗಬೇಕಿತ್ತು. ಮಾತು, ಮುಖ, ಲೆಕ್ಕದ ಹಾಳೆ ಎಲ್ಲವೂ ಒಂದೇ ಫೋನಿನೊಳಗೆ ಓಡಾಡಿದರೆ ಆಧುನಿಕತೆ ಬಂದಂತೆ, ಒಬ್ಬಳ ಸಂಬಳ ಉಳಿದಂತೆ. ತಿಂಗಳ ಕೊನೆಯಿಂದ ಅಕ್ಕನಿಗೆ ರಜೆ. ಪೂರ್ತಿ ರಜೆ.

"ಭಾರಿ ಸಿಸ್ಟಮ್ ಅಕ್ಕಾ," ಕೇಬಲ್ ಎಳೆಯುತ್ತ ಮೆಕ್ಯಾನಿಕ್ ಕೊಚ್ಚಿಕೊಂಡ. "ಒಂದು ಮಾತೂ ಮಧ್ಯೆ ಕಳೆದುಹೋಗಲ್ಲ."

"ಅಯ್ಯೋ ನನ್ನಪ್ಪ! ಹಂಗಾದ್ರೆ ಒಂದೇ ವಾರದಲ್ಲಿ ಕಾರ್ಖಾನೆ ಎರಡು ಪಾಲಾಗತ್ತೆ. ನನ್ನ ಕೆಲಸ ಹೋದ್ರೆ ಹೋಗ್ಲಿ, ಒಳಗೆ ಹೊಲಿಯೋರ ಗತಿ ಏನು? ಒಂದಷ್ಟು ಕಳೆದುಹೋಗೋ ಹಂಗೆ ಮಾಡಕ್ಕಾಗಲ್ವಾ?"

ಮರುದಿನ ಉದ್ಘಾಟನೆ. ಅಣ್ಣ ತಲೆ ಬಾಚಿ ಬಂದರು, ತಮ್ಮ ಟೈ ಬಿಗಿದು ಬಂದ. ಬಟನ್ ಒತ್ತಿದ್ದೇ ತಡ, ಬಹುಕಾಲದ ಮೇಲೆ ಒಡಹುಟ್ಟಿದವರು ಪರದೆಯಲ್ಲಿ ಮುಖಾಮುಖಿಯಾದರು. ಪಕ್ಕದಲ್ಲೇ ಹತ್ತಿಯ ದರಪಟ್ಟಿಯೂ ಮೂಡಿ ನಿಂತಿತು. ದೊಡ್ಡವರು ಗಂಟಲು ಸರಿಮಾಡಿಕೊಂಡರು.

"ಅವನಿಗೆ ಹೇಳು, ಹತ್ತಿ ಹಳೇ ವ್ಯಾಪಾರಿ ಹತ್ರಾನೇ ತಗೋಬೇಕು ಅಂತ."

ಚಿತ್ರ ಬಲು ಸ್ಪಷ್ಟ. ತಮ್ಮ ರೆಪ್ಪೆ ಬಡಿದದ್ದೂ ಕಾಣುತ್ತಿತ್ತು.

"ಹೇಳಿದ್ಯಾ?" ಎಂದು ಗದರಿದರು ದೊಡ್ಡವರು.

"ನನಗಿನ್ನೂ ಯಾರೂ ಏನೂ ಹೇಳಿಲ್ಲ ಅಂತ ಅವನಿಗೆ ಹೇಳಿ," ಎಂದ ತಮ್ಮ, ಪರದೆಯ ಮೇಲಿನ ಅಣ್ಣನ ಮೂಗನ್ನೇ ದಿಟ್ಟಿಸುತ್ತ.

ಸಿಸ್ಟಮ್ ಸರಿಯಿಲ್ಲ ಎಂದು ಇಬ್ಬರೂ ಒಟ್ಟಿಗೇ ಮೆಕ್ಯಾನಿಕ್ಕಿಗೆ ಉಗಿದರು. ಆ ಕಚೇರಿ ಕಂಡ ಮೊದಲ ಒಮ್ಮತ ಅದು. ಸಂಜೆಯೊಳಗೆ ಅಕ್ಕನ ಮೇಜಿಗೆ ಮೂರನೆಯ ಕ್ಯಾಮೆರಾ ಬಂತು. ಅಣ್ಣನ ಪರದೆಯಲ್ಲಿ ಅಕ್ಕ, ತಮ್ಮನ ಪರದೆಯಲ್ಲೂ ಅಕ್ಕ. ಇಬ್ಬರ ಮಾತೂ ಅವಳ ಕಿವಿಗಷ್ಟೇ. ಅವಳ ರಜೆ ರದ್ದಾಯಿತು. 'ಕಾನ್ಫರೆನ್ಸ್ ಮ್ಯಾನೇಜರ್' ಎಂಬ ಬಿರುದೂ ಸಿಕ್ಕಿತು, ಬಿರುದಿಗೆ ಖರ್ಚಿಲ್ಲವಲ್ಲ.

ಮೆಕ್ಯಾನಿಕ್ ತಮ್ಮನ ಕೋಣೆಯಲ್ಲಿ ಕೊನೆಯ ಸ್ಕ್ರೂ ಬಿಗಿಯುತ್ತಿದ್ದಾಗ ಗೋಡೆಯಾಚೆಯಿಂದಲೇ ಗರ್ಜನೆ ಕೇಳಿಸಿತು: "ಆ ಕತ್ತೆಗೆ ಹೇಳು, ಹತ್ತಿ ಎಲ್ಲಿ ಬೇಕಾದ್ರೂ ತಗೊಂಡು ಸಾಯ್ಲಿ!"

ಪರದೆಯ ಮೇಲೆ ಅಕ್ಕ ಮುಗುಳ್ನಕ್ಕಳು. "ಸಾರ್, ಅಣ್ಣಾವ್ರು ಒಪ್ಪಿದ್ದಾರೆ. ಈ ಸಲ ನಿಮ್ಮಿಷ್ಟದಂತೇ ಆಗ್ಲಿ ಅಂದ್ರು."

ಮೆಕ್ಯಾನಿಕ್ ಬೆಚ್ಚಿ ಗೋಡೆಯತ್ತ ನೋಡಿದ. ತಮ್ಮ ನೋಡಲಿಲ್ಲ. ಕ್ಯಾಮೆರಾದತ್ತ ಬಾಗಿ, "ಅಣ್ಣಂದು ಯಾವತ್ತೂ ದೊಡ್ಡ ಮನಸ್ಸು ಅಂತ ಹೇಳಿ," ಎಂದ.