ಪೂರ್ಣ ಹಾಜರಿ

ಕಿಟಕಿಯಲ್ಲಿ ಆಕೆ ಇವತ್ತೂ ನಿಂತಿದ್ದಳು.

ಏಕನಾಥ ಮಾಸ್ತರರು ತಲೆ ಎತ್ತಲಿಲ್ಲ. ಎತ್ತದೆಯೂ ಗೊತ್ತಾಗುತ್ತಿತ್ತು. ಹಾಜರಿ ಪುಸ್ತಕದ ಮೇಲೆ ಬೀಳುವ ಬೆಳಕು ಒಂದು ಗೇಣು ಕಡಿಮೆಯಾಗಿತ್ತು. ಎರಡು ತಿಂಗಳಿಂದ ಹೀಗೆಯೇ. ಹೆಸರು ಕರೆಯಲು ಶುರು ಮಾಡುವ ಹೊತ್ತಿಗೆ ಬರುತ್ತಾಳೆ. ಸರಳು ಹಿಡಿದು ನಿಲ್ಲುತ್ತಾಳೆ. ಮುಗಿದ ಮೇಲೆ ಒಂದು ಮಾತೂ ಆಡದೆ ಹೋಗುತ್ತಾಳೆ.

ಮಲ್ಲಕ್ಕನಿಗೆ ಭ್ರಮೆ ಹಿಡಿದಿದೆ ಎಂದು ಊರು ತೀರ್ಮಾನಿಸಿತ್ತು. ಸತ್ತ ಮಗಳ ಹೆಸರು ಕೇಳಲು ಬರುತ್ತಾಳೆ, ಪಾಪ. ಮಾಸ್ತರರದು ದೊಡ್ಡ ಮನಸ್ಸು. ನೀಲಕ್ಕನ ಹೆಸರನ್ನು ಇನ್ನೂ ಪುಸ್ತಕದಿಂದ ಕಡಿದಿಲ್ಲ.

ಆದರೆ ಇವತ್ತು ಮೇಜಿನ ಆಚೆ ಶಾಲಾ ಇನ್‌ಸ್ಪೆಕ್ಟರ್ ಕೃಷ್ಣಾಜಿಯವರು ಕೂತಿದ್ದರು. ಎಂಬತ್ತಾರನೇ ಇಸವಿ. ಪದೇ ಪದೇ ಶಾಲೆ ತಪ್ಪಿಸುವ ಮಕ್ಕಳ ಲೆಕ್ಕ ತೆಗೆಯಿರಿ ಎಂದು ಮೇಲಿನಿಂದ ಕಾಗದ ಬಂದಿತ್ತು. ಹಾಜರಿ ಶೇಕಡಾ ತೊಂಬತ್ತು ದಾಟಿದರೆ ಮಾಸ್ತರನಿಗೆ ಕೇಳಿದ ಊರಿಗೆ ವರ್ಗ ಮಾಡಿಸುವೆನೆಂದು ಕೃಷ್ಣಾಜಿಯವರೇ ಮಾತು ಕೊಟ್ಟಿದ್ದರು. ಏಕನಾಥರು ಧಾರವಾಡ ಕೇಳಿದ್ದರು. ಹನ್ನೊಂದು ವರ್ಷ ಹೆಂಡತಿ ಅಲ್ಲಿ, ತಾವು ಇಲ್ಲಿ, ಮೊರಬದಿಂದಾಚೆ ಬಸ್ಸು ಕಾಣದ ಈ ಎರೆನೆಲದಲ್ಲಿ. ಇನ್ನು ಒಂದು ಸಹಿ ಬಾಕಿ.

ಮೂವತ್ತೇಳು ಮಕ್ಕಳು ತಟ್ಟಿನ ಮೇಲೆ ಒತ್ತಾಗಿ ಕೂತಿದ್ದರು. ರಾತ್ರಿಯ ಮಳೆಗೆ ಎರೆಮಣ್ಣು ಕಾಲಿಗೆ ಮೆತ್ತುತ್ತಿತ್ತು. ಹಾಗಾಗಿ ಕುಬೇರಪ್ಪಗೌಡರು ತಮ್ಮ ಟ್ರ್ಯಾಕ್ಟರಿನಲ್ಲೇ ಮಕ್ಕಳನ್ನು ತಂದು ಇಳಿಸಿದ್ದರು. ಅದನ್ನು ಕಣ್ಣಾರೆ ಕಂಡು ಇನ್‌ಸ್ಪೆಕ್ಟರರಿಗೆ ಸಂತೋಷವಾಗಿತ್ತು.

“ಇಂಥಾ ಗೌಡ್ರು ಊರಿಗೊಬ್ಬರು ಇದ್ರ ಸಾಕು ಮಾಸ್ತರ, ನಮ್ಮ ಇಲಾಖೇನ ಮುಚ್ಚಬಹುದು.”

“ಹೌದ್ರಿ ಸಾಹೇಬ್ರ. ಮಕ್ಕಳ ಮ್ಯಾಲೆ ಅವರಿಗೆ ಭಾಳ ಕಣ್ಣು.”

ಕೃಷ್ಣಾಜಿಯವರು ತಲೆ ಎಣಿಸಿದರು. ಮುಂದಿನ ಸಾಲಿನ ಹುಡುಗಿಯನ್ನು ಎಬ್ಬಿಸಿದರು. ದೇವಕ್ಕ, ಹತ್ತು ವರ್ಷ.

“ಯಾಕವಾ, ಬೆರಳೆಲ್ಲಾ ಹಳದಿ? ಭಂಡಾರ ಆಡಿ ಬಂದಿಯೇನು?”

“ಬೀರಪ್ಪನ ಕಾರ್ಯ ಇತ್ತರಿ ಊರಾಗ,” ಎಂದು ಮಾಸ್ತರರೇ ಉತ್ತರಿಸಿದರು.

“ಆಕಿ ಹೇಳ್ಲಿ ಬಿಡ್ರಿ. ನಿನ್ನೆ ಏನು ಕಲಿಸಿದ್ರವಾ ಮಾಸ್ತರು?”

ದೇವಕ್ಕ ಮಾಸ್ತರರ ಮುಖ ನೋಡಿದಳು. “ಮೊನ್ನೆ ಕಲಿಸಿದ್ದನ್ನರಿ.”

“ಮೊನ್ನೆ?”

“ಅದರ ಹಿಂದಿನ ದಿನದ್ದನ್ನರಿ.”

ಹಿಂದಿನ ಸಾಲು ಕಿಸಕ್ಕೆಂದಿತು. ಇನ್‌ಸ್ಪೆಕ್ಟರರೂ ನಕ್ಕರು. “ಭೇಷ್! ವಕೀಲ ಆಗ್ತಾಳ ಇಕಿ.”

ಹಾಜರಿ ಶುರುವಾಯಿತು. ಹೆಸರು, “ಹಾಜರ್ರಿ.” ಹೆಸರು, “ಹಾಜರ್ರಿ.” ಗೆರೆಯ ಕೆಳಗೆ ಗೆರೆ ಬೀಳುತ್ತ ಹೋಯಿತು. ಹತ್ತೊಂಬತ್ತನೆಯ ಹೆಸರು ಬಂತು. ಅದನ್ನು ಬಿಟ್ಟು ಮುಂದೆ ಹೋಗುವ ಧೈರ್ಯ ಎರಡು ತಿಂಗಳಿಂದ ಮಾಸ್ತರರಿಗೆ ಬಂದಿರಲಿಲ್ಲ.

“ನೀಲಕ್ಕ ಮಡಿವಾಳೆಪ್ಪ.”

ಕಿಟಕಿಯ ಕಡೆ ಕೂತಿದ್ದ ಮಕ್ಕಳು ಒಂದಿಷ್ಟು ಒಳಕ್ಕೆ ಸರಿದರು. ಈ ಹೆಸರನ್ನು ಮಾಸ್ತರರು ನಿದ್ದೆಯಲ್ಲೂ ಕರೆಯುತ್ತಿದ್ದರು. ನಿದ್ದೆಯಲ್ಲಿ ಮಾತ್ರ ಉತ್ತರ ಬರುತ್ತಿತ್ತು. ತೆಳ್ಳಗಿನ ದನಿ, ಪ್ರತಿ ಸಲವೂ ಒಂದೇ ಮಾತು: “ನಾ ಇಲ್ಲರಿ.”

“ಯಾರಿಕಿ?” ಕೃಷ್ಣಾಜಿಯವರು ಪುಸ್ತಕ ತಮ್ಮತ್ತ ಎಳೆದುಕೊಂಡರು. ಆ ಸಾಲಿನಲ್ಲಿ ಜೂನ್‌ನಿಂದ ಗೆರೆಗಳು ಸಾಲುಗಟ್ಟಿದ್ದವು. ಶ್ರಾವಣದ ಒಂದು ಮಂಗಳವಾರಕ್ಕೆ ನಿಂತಿದ್ದವು. ಆಮೇಲೆ ಬರೀ ಖಾಲಿ ಮನೆಗಳು.

“ತೀರಿಕೊಂಡ್ಲರಿ. ಅವತ್ತ ಸಾಲಿ ಬಿಟ್ಟ ಮ್ಯಾಲೆ ಮನಿಗೆ ಹೋಗಿ ವಾಂತಿ ಮಾಡ್ಕೊಂಡ್ಲಂತ. ಪೊಲೀಸ್ ಫೌಜದಾರ್ರು ಬಂದು ಇದ ಪುಸ್ತಕಾ ನೋಡಿ, ಏನೋ ತಿಂದಿರಬೇಕಂತ ಬರಕೊಂಡು ಹೋದ್ರು.”

“ಅಂದ್ರ, ಸಾಯೂ ದಿನಾನೂ ಹಾಜರ?”

“ಒಂದ ದಿನಾನೂ ತಪ್ಪಿಸಿದಾಕಿ ಅಲ್ಲರಿ.”

ಇನ್‌ಸ್ಪೆಕ್ಟರರು ಕನ್ನಡಕ ತೆಗೆದು ಒರೆಸಿಕೊಂಡರು. ಇಪ್ಪತ್ತು ವರ್ಷದ ನೌಕರಿಯಲ್ಲಿ ಇಂಥ ಸಾಲು ಅವರು ನೋಡಿರಲಿಲ್ಲ. ಕಿಟಕಿಯತ್ತ ತಿರುಗಿದರು. “ಆಕಿ ತಾಯಿ ಏನು? ಒಳಗ ಕರೀರಿ.”

“ಬ್ಯಾಡ್ರಿ ಸಾಹೇಬ್ರ, ಆಕಿ ತಲಿ ಸರಿ ಇಲ್ಲ.”

“ತಾಯಿ ಕರುಳ್ರಿ ಅದು. ಕರೀರಿ.”

ಮಲ್ಲಕ್ಕ ಬಂದು ಹೊಸ್ತಿಲ ಹೊರಗೇ ನಿಂತಳು. ಮಾಸ್ತರರು ಒಳಗೆ ಬಾ ಎನ್ನಲಿಲ್ಲ. ಕೃಷ್ಣಾಜಿಯವರು ಮಾತ್ರ ಎದ್ದು ನಿಂತು ಮಾತಾಡಿದರು.

“ನಿನ್ನ ಮಗಳಿಗೆ ಪೂರ್ಣ ಹಾಜರಿ ಸರ್ಟಿಫಿಕೇಟು ಕೊಡಸ್ತೇನಿ, ತಾಯಿ. ನಾ ಇರೂತನಕ ಆಕಿ ಹೆಸರು ಯಾರೂ ಕಡಿಯೂದಿಲ್ಲ.”

“ಕಡೀರಿ,” ಎಂದಳು ಮಲ್ಲಕ್ಕ. ದನಿಯಲ್ಲಿ ಹುಚ್ಚಿರಲಿಲ್ಲ. “ಸತ್ತಾಕಿ ಹೆಸರು ತಗೊಂಡು ನಾ ಏನ್ ಮಾಡ್ಲಿ? ನಾ ಹೆಸರು ಕೇಳಾಕ ಬರಾಕತ್ತಿಲ್ಲರಿ ಸಾಹೇಬ್ರ. ಎಣಸಾಕ ಬರಾಕತ್ತೇನಿ.”

“ಏನು ಎಣಸೂದು?”

“ಮಕ್ಕಳನ್ನ. ನಲವತ್ತಾರು ದಿನ ಎಣಿಸೇನಿ. ಆರು ಮಕ್ಕಳು ಕುಂತಿರ್ತಾವ. ಮಾಸ್ತರು ಬರೇ ಗ್ವಾಡಿ ನೋಡ್ಕೋತ ಎಲ್ಲಾ ಹೆಸರೂ ಕರದು, ಮೂವತ್ತೇಳು ಗೆರಿ ಎಳೀತಾರ. ಉಳದಾವು ಗೌಡ್ರ ಹೊಲದಾಗ ಇರ್ತಾವರಿ, ಒಂದು ಹತ್ತಿ ಹೂವಿನ ಪುಡಿ ಇನ್ನೊಂದು ಹೂವಿಗೆ ಮುಟ್ಟಸಾಕ. ಬೀಜದ ಹತ್ತಿಗೆ ಸಣ್ಣ ಬೆರಳ ಬೇಕಂತ. ನೀವು ಬರೂ ದಿನಾ ಅಷ್ಟ ಟ್ರ್ಯಾಕ್ಟರ್ ಇಲ್ಲಿಗೆ ಬರ್ತೈತಿ.”

ದೇವಕ್ಕ ಎರಡೂ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು.

“ಆ ಮಂಗಳವಾರ ಮಕ್ಕಳು ಹೊಲದಾಗ ಇದ್ದಾಂಗ ಹುಳಕ್ಕ ಹೊಡ್ಯೂ ಎಣ್ಣಿ ಹೊಡಿಸಿದ್ರು. ನನ್ನ ಮಗಳು ಪಂಪಿನ ಬಾಜೂಕ ಇದ್ಲು. ಮರುದಿನ ನಾ ಠಾಣೇಕ ಹೋದ್ರ, ನಿನ್ನ ಮಗಳು ಹೊಲಕ್ಕ ಹೋಗೇ ಇಲ್ಲ, ಸಾಲಿ ಪುಸ್ತಕದಾಗ ಐತಿ ನೋಡು ಅಂದ್ರು.”

ಕೃಷ್ಣಾಜಿಯವರ ಬೆರಳು ಆ ಮಂಗಳವಾರದ ಗೆರೆಯ ಮೇಲೆ ಬಂದು ನಿಂತಿತು.

“ಸರ್ಟಿಫಿಕೇಟು ಬ್ಯಾಡ್ರಿ ಸಾಹೇಬ್ರ. ಆ ಒಂದು ದಿನ ನನ್ನ ಮಗಳು ಸಾಲಿಗೆ ಬಂದಿರಲಿಲ್ಲ ಅಂತ ಬರದು ಕೊಡ್ರಿ.”