ಗೀಸರಿನ ಕನೆಕ್ಟರ್

ಪ್ಲಾಸ್ಟಿಕ್ ಸುಟ್ಟ ವಾಸನೆ ಬಂದರೆ ಈಗಲೂ ನನ್ನ ಕೈ ಮೊದಲು ಮೈನ್ ಸ್ವಿಚ್ಚಿಗೆ ಹೋಗುತ್ತದೆ.

ಬಟವಾಡಿಯ ಬಾಡಿಗೆ ಮನೆಯಲ್ಲಿ ಅಪ್ಪ ಹೊಸ ಗೀಸರಿನ ವೈರನ್ನು ತಾನೇ ಜೋಡಿಸಿದ್ದ. ಕಾಲಿಂಗ್ ಬೆಲ್ ಹಾಕಿದಾಗ ಉಳಿದಿದ್ದ, ವೈರಿಗೆ ವೈರು ಸೇರಿಸುವ ಪುಟ್ಟ ಪ್ಲಾಸ್ಟಿಕ್ ಕನೆಕ್ಟರಿನ ತೂತಿಗೆ ಆ ದಪ್ಪ ವೈರು ಹಿಡಿಸಲಿಲ್ಲ. ಅರ್ಧ ಎಳೆಗಳನ್ನು ಕತ್ತರಿಸಿ, ಉಳಿದದ್ದನ್ನು ತುರುಕಿ ಸ್ಕ್ರೂ ತಿರುಗಿಸಿದ.

"ಅಂಗಡೀಲಿ ದೊಡ್ಡದು ಸಿಗುತ್ತೆ, ತರಬಾರ್ದಾ?" ಎಂದಳು ಅಮ್ಮ.

"ಬುಡು, ಬಿಗಿಯಾಗೈತೆ."

ಆ ಮಧ್ಯಾಹ್ನ ಕಿವಿ ಮಂದವಾಗಿದ್ದ ಅಜ್ಜಿ ಗೀಸರ್ ಹಾಕಿ, ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡಳು. ಸ್ವಲ್ಪ ಹೊತ್ತಿಗೆ ಹೊರಗೆ ಬಾಗಿಲ ಮೇಲ್ಗಡೆ ಇದ್ದ ಕನೆಕ್ಟರ್ ಹೊಗೆಯಾಡಿ, ಕರಗಿ ನೆಲಕ್ಕೆ ತೊಟ್ಟಿಕ್ಕಿತು. ಅಮ್ಮ ಓಡಿಹೋಗಿ ಮೈನ್ ಆಫ್ ಮಾಡಿದಳು. ಅಪ್ಪ ಬಾಗಿಲು ಬಡಿದ.

"ಅವ್ವಾ, ಬಾಗ್ಲು ತೆಗಿ."

ಒಳಗಿನಿಂದ ಸದ್ದಿಲ್ಲ. ಎರಡೂ ಕೈಯಲ್ಲಿ ಬಡಿದ.

ಕೊನೆಗೆ ಚಿಲಕ ಸರಿಯಿತು. ತಲೆತುಂಬ ಹರಳೆಣ್ಣೆ ಬಳಿದುಕೊಂಡಿದ್ದ ಅಜ್ಜಿ, "ಯಾಕ್ಲಾ ಹಿಂಗ್ ಬಡೀತೀಯ? ನೀರಿನ್ನೂ ಕಾದೇ ಇಲ್ಲ" ಎಂದಳು.

ಅಪ್ಪ ಅವಳ ಕಾಲ ಬಳಿ, ಹೊಸ್ತಿಲ ಮೇಲೆ ಕುಳಿತುಬಿಟ್ಟ.