ಸೋಫಾದ ಮೇಲಿನ ಕೌದಿ

ಸಿಡ್ನಿಯ ನನ್ನ ಫ್ಲ್ಯಾಟಿನಲ್ಲಿ ಆ ಹಳೆಯ ನಾರ್ವೆ ಪತ್ರಿಕೆಗಳನ್ನು ತೆರೆದರೆ ಈಗಲೂ ಇಂಗಿನ ವಾಸನೆ ಬರುತ್ತದೆ.

ಮನೆ ಅಲಂಕಾರದ ಆ ಪತ್ರಿಕೆಯ ಹತ್ತಾರು ವರ್ಷಗಳ ಸಂಚಿಕೆಗಳನ್ನು ನಾನು ಬೆಳೆದ ವೆರಿಬೀ ಊರಿನಲ್ಲಿ ಪಕ್ಕದ ಮನೆಯ ನಾರ್ವೆ ಅಜ್ಜಿ ಅಮ್ಮನಿಗೆ ಕೊಟ್ಟಿದ್ದಳು. ಅಮ್ಮ ಅವನ್ನು ಇಂಗಿನ ಡಬ್ಬಿಯ ಪಕ್ಕದಲ್ಲಿಟ್ಟು, ಅಡುಗೆಯ ನಡುವೆ ಚಿತ್ರ ನೋಡುತ್ತಿದ್ದಳು.

ನಾವು ವೆರಿಬೀಯ ಆ ಮನೆ ಮಾರಲು ಹೊರಟಾಗ, ಕೊಳ್ಳುವವರ ಕಣ್ಣಿಗೆ ಮನೆ ಸಿಂಗರಿಸಲು ಏಜೆಂಟ್ ಸ್ಟೈಲಿಸ್ಟ್ ಒಬ್ಬಳನ್ನು ಕಳಿಸಿದ. ಅವಳ ಕೈಯಲ್ಲಿ ಅದೇ ಪತ್ರಿಕೆಯ ಹೊಸ ಸಂಚಿಕೆಯಿತ್ತು: ಬಿಳಿ ಗೋಡೆ, ಬಿಳಿ ಸೋಫಾ. ಧಾರವಾಡದ ನನ್ನ ಅಜ್ಜಿ ಹಳೆಯ ಸೀರೆಗಳ ತುಂಡು ಸೇರಿಸಿ ಹೊಲಿದ ಕೌದಿಯನ್ನು ಅವಳು ಎರಡೇ ಬೆರಳಲ್ಲಿ ಎತ್ತಿ, “ಇದು ಗ್ಯಾರೇಜಿಗೆ,” ಎಂದಳು.

ಅಮ್ಮ ಹಳೆಯ ಸಂಚಿಕೆಗಳನ್ನು ತಂದು ನೆಲದ ಮೇಲೆ ಹರಡಿದಳು. ಒಂದರಲ್ಲಿ ಕಂದು ಮರದ ಗೋಡೆ, ಇನ್ನೊಂದರಲ್ಲಿ ಕಿತ್ತಳೆ ಪರದೆ. ತೀರ ಹಳೆಯದರ ಮುಖಪುಟದಲ್ಲಿ ತೇಪೆ ತೇಪೆ ಹೊದಿಕೆಯ ಮಂಚ.

“ಇದು ಅವರ ಕೌದಿ ಅಲ್ಲೇನು? ಇಂಗ್ಲಿಷ್‌ನಾಗ ಹೇಳು ಆಕಿಗೆ,” ಎಂದಳು ನನಗೆ. “ಈ ಬಿಳೀ ಬಣ್ಣ ಮೊನ್ನೆ ಬಂದೈತಿ, ನಾಳೆ ಹೋಗತೈತಿ. ನಮ್ಮವ್ವನ ಕೌದಿ ಎಲ್ಲಿಗೂ ಹೋಗಂಗಿಲ್ಲ.”

ನಾನು ಒಂದಕ್ಷರ ಬಿಡದೆ ಹೇಳಿದೆ. ಸ್ಟೈಲಿಸ್ಟ್ ನಕ್ಕು ಕೌದಿ ಮಡಚತೊಡಗಿದಳು. ಅಮ್ಮ ಅದನ್ನು ಕಿತ್ತುಕೊಂಡು, ಸೋಫಾದ ಮೇಲೆ ಮತ್ತೆ ಹಾಸಿ, ನಟ್ಟನಡುವೆ ಕೂತುಬಿಟ್ಟಳು.

ಮನೆ ಮಾರಾಟದ ಜಾಹೀರಾತಿನ ಫೋಟೋದಲ್ಲಿ ಅಮ್ಮನೂ ಬಂದಳು, ಕಾಲ ಮೇಲೆ ಕಾಲು ಹಾಕಿಕೊಂಡು.